ವ್ಯಾಪಾರ ಮಾತುಕತೆಯಲ್ಲಿ ಬಡ ದೇಶಗಳಿಗೆ ನ್ಯಾಯ ಸಿಗಬೇಕಾದರೆ ಮೊದಲು ಏನು ಬದಲಾಗಬೇಕು?

ಮುಂಜಾವು:
ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಓದುತ್ತಿದ್ದೇನೆ. ವಿಶ್ವ ವ್ಯಾಪಾರ ಸಂಘಟನೆಯ ಪಾಠ ಮುಗಿದ ದಿನದಿಂದ ಒಂದು ಪ್ರಶ್ನೆ ತಲೆಯಲ್ಲೇ ಕೂತಿದೆ. ಪುಸ್ತಕದಲ್ಲಿ ಹೀಗಿದೆ: ಅಲ್ಲಿ 166 ಸದಸ್ಯರಿದ್ದಾರೆ, ತೀರ್ಮಾನ ಎಲ್ಲರ ಒಪ್ಪಿಗೆಯಿಂದಲೇ ಆಗಬೇಕು, ಒಬ್ಬರು ಬೇಡ ಅಂದರೂ ಮುಂದೆ ಹೋಗುವಂತಿಲ್ಲ. ವಿಶ್ವ ಬ್ಯಾಂಕಿನಲ್ಲಿ, ಐಎಂಎಫ್‌ನಲ್ಲಿ ಹಣ ಜಾಸ್ತಿ ಹಾಕಿದವರಿಗೆ ಮತವೂ ಜಾಸ್ತಿ. ಇಲ್ಲಿ ಹಾಗಿಲ್ಲ. ಹಾಗಿದ್ದರೆ ಬಡ ದೇಶಗಳಿಗೆ ಅನ್ಯಾಯ ಆಗುವುದು ಎಲ್ಲಿ? ಸುಮ್ನೆ ಅಮೆರಿಕವನ್ನೋ ಯುರೋಪನ್ನೋ ಬೈಯುವ ಉತ್ತರ ಬೇಡ. ತಪ್ಪು ಯಾವ ಜಾಗದಲ್ಲಿದೆ, ಏನು ಮಾಡಿದರೆ ಸರಿಹೋಗುತ್ತದೆ ಅಂತ ನಿಜವಾಗಿ ತಿಳಿಯಬೇಕು.

ಹಳೆ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ನಿನ್ನ ಪುಸ್ತಕ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. 'ಎಲ್ಲರ ಒಪ್ಪಿಗೆ' ಅನ್ನುವುದಕ್ಕೆ ಅಲ್ಲಿ ಕೊಟ್ಟಿರುವ ಅರ್ಥ ಏನು ನೋಡು. ಸಂಘಟನೆ ಹುಟ್ಟುಹಾಕಿದ ಒಪ್ಪಂದದ 9ನೇ ವಿಧಿಗೆ ಒಂದು ಅಡಿಟಿಪ್ಪಣಿ ಇದೆ. ತೀರ್ಮಾನದ ಹೊತ್ತಿಗೆ ಸಭೆಯಲ್ಲಿ ಹಾಜರಿರುವ ಯಾವ ಸದಸ್ಯರೂ ಬಾಯಿಬಿಟ್ಟು ವಿರೋಧ ಹೇಳದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಅಂದರೆ ಸಭೆಗೆ ಬರಲು ಆಗದವರೂ ಒಪ್ಪಿದವರ ಲೆಕ್ಕಕ್ಕೇ ಸೇರುತ್ತಾರೆ. ಬಂದು ಸುಮ್ಮನೆ ಕೂತವರೂ ಒಪ್ಪಿದವರೇ.

ಈಗ ಯಾರಿಗೆ ಬರಲು ಆಗುತ್ತದೆ ಅಂತ ಕೇಳಿಕೋ. ಸಂಘಟನೆಯ ಕಚೇರಿ ಇರುವ ಜಿನೀವಾದಲ್ಲಿ ಒಂದೇ ದಿನ ಹಲವು ಸಭೆಗಳು ಒಟ್ಟೊಟ್ಟಿಗೆ ನಡೆಯುತ್ತವೆ. ದೊಡ್ಡ ದೇಶಗಳು ಕೃಷಿಗೆ ಒಬ್ಬರು, ಸೇವೆಗಳಿಗೆ ಒಬ್ಬರು, ಪೇಟೆಂಟಿಗೆ ಒಬ್ಬರು ಅಂತ ಅಧಿಕಾರಿಗಳನ್ನು ಇಟ್ಟುಕೊಂಡಿವೆ. ಅವರ ಹಿಂದೆ ರಾಜಧಾನಿಯಲ್ಲಿ ವಕೀಲರು, ಲೆಕ್ಕ ಹಾಕಿಕೊಡುವ ಅರ್ಥಶಾಸ್ತ್ರಜ್ಞರು ಇರುತ್ತಾರೆ. ಸಣ್ಣ ದೇಶದ ಕಚೇರಿಯಲ್ಲಿ ಇರುವುದೇ ಎರಡು ಮೂರು ಜನ. ಅವರೇ ವಿಶ್ವ ಆರೋಗ್ಯ ಸಂಸ್ಥೆಗೂ ಹೋಗಬೇಕು, ಕಾರ್ಮಿಕ ಸಂಘಟನೆಗೂ ಹೋಗಬೇಕು, ಮಾನವ ಹಕ್ಕು ಮಂಡಳಿಗೂ ಹೋಗಬೇಕು. ಎಲ್ಲವೂ ಒಂದೇ ಊರಲ್ಲಿ, ಎಲ್ಲವೂ ಅದೇ ವಾರದಲ್ಲಿ. ಕೆಲವು ಸದಸ್ಯ ದೇಶಗಳಿಗೆ ಜಿನೀವಾದಲ್ಲಿ ಕಚೇರಿಯೇ ಇಲ್ಲ. ಅಂಥವರನ್ನು ಕರೆಸಿ ವಿಷಯ ತಿಳಿಸಲು 'ಜಿನೀವಾ ವಾರ' ಅಂತ ನಡೆಸುತ್ತಾರೆ. ತಿಂಗಳುಗಟ್ಟಲೆ ನಡೆದ ಮಾತುಕತೆಯನ್ನು ಅವರು ಕೆಲವು ದಿನಗಳಲ್ಲಿ ಅರ್ಥ ಮಾಡಿಕೊಳ್ಳಬೇಕು.

ಇನ್ನು ಗ್ರೀನ್ ರೂಮ್. ಮಹಾ ನಿರ್ದೇಶಕರು ಆಯ್ದ ದೇಶಗಳನ್ನು ಕರೆದು ನಡೆಸುವ ಸಣ್ಣ ಸಭೆಗೆ ಆ ಹೆಸರು. ಇಪ್ಪತ್ತರಿಂದ ನಲವತ್ತು ನಿಯೋಗಗಳು ಇರಬಹುದು. ಗಂಟು ಬಿಡಿಸುವುದು ಅಲ್ಲಿ. 1999ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಂಘಟನೆಯ ಮಂತ್ರಿಗಳ ಸಮ್ಮೇಳನ ಮುರಿದುಬಿತ್ತಲ್ಲ, ಎಲ್ಲರಿಗೂ ನೆನಪಿರುವುದು ಬೀದಿಯ ಪ್ರತಿಭಟನೆ, ಅಶ್ರುವಾಯು. ಒಳಗೆ ನಡೆದದ್ದು ಅಷ್ಟೇ ಮುಖ್ಯ. ಆಫ್ರಿಕಾದ ಮತ್ತು ಲ್ಯಾಟಿನ್ ಅಮೆರಿಕ, ಕೆರಿಬಿಯನ್ ಭಾಗದ ಮಂತ್ರಿಗಳು 'ನಮ್ಮನ್ನು ಹೊರಗಿಟ್ಟು ಮಾಡಿದ ತೀರ್ಮಾನಕ್ಕೆ ನಮ್ಮ ಒಪ್ಪಿಗೆ ಇಲ್ಲ' ಅಂತ ಬರೆದುಕೊಟ್ಟರು. ಸಾವಿರಾರು ಮೈಲಿ ಹಾರಿ ಬಂದ ಮಂತ್ರಿಗೆ ತನ್ನ ದೇಶದ ಭವಿಷ್ಯ ಯಾವ ಕೋಣೆಯಲ್ಲಿ ಬರೆಯುತ್ತಿದ್ದಾರೆ ಅಂತಲೇ ಗೊತ್ತಿಲ್ಲ ಅಂದರೆ ಅದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಎದುರು ಮಾತು:
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. 166 ಜನ ಒಂದೇ ಮೇಜಿನ ಸುತ್ತ ಕೂತು ಒಂದು ವಾಕ್ಯ ಬರೆಯಲು ಆಗುತ್ತದೆಯೇ? ಸಣ್ಣ ಗುಂಪು ಇಲ್ಲದೆ ಯಾವ ಕರಡೂ ಆಗುವುದಿಲ್ಲ. ಗುಂಪು ಸಣ್ಣದು ಅನ್ನುವುದೇ ಅನ್ಯಾಯ ಅಲ್ಲ.

ಇನ್ನೊಂದು ಮಾತು. 'ಅಭಿವೃದ್ಧಿಶೀಲ ದೇಶ' ಅನ್ನುವುದನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ದೇಶಗಳು ತಾವೇ ಹೇಳಿಕೊಳ್ಳುತ್ತವೆ. ಅತಿ ಹಿಂದುಳಿದ ದೇಶಗಳಿಗೆ ಮಾತ್ರ ವಿಶ್ವಸಂಸ್ಥೆಯ ಪಟ್ಟಿ ಇದೆ. ಹಾಗಾಗಿ ಚಾಡ್ ದೇಶವೂ ಚೀನಾವೂ ವರ್ಷಗಟ್ಟಲೆ ಒಂದೇ ಸಾಲಿನಲ್ಲಿ ನಿಂತವು. ದೊಡ್ಡವರು ಆ ಸಾಲಿನಲ್ಲಿ ನಿಂತರೆ ನಿಜವಾಗಿ ಬಡವರಿಗೆ ಸಿಗಬೇಕಾದ ವಿನಾಯಿತಿಗೂ ಶ್ರೀಮಂತ ದೇಶಗಳು ಕೈ ಅಡ್ಡ ಇಡುತ್ತವೆ. ಇದೂ ಅನ್ಯಾಯವೇ ಅಲ್ವಾ?

ಹಳೆ ಮೇಷ್ಟ್ರು:
ಎರಡನೆಯ ಮಾತು ಒಪ್ಪುತ್ತೇನೆ. ಬ್ರೆಜಿಲ್ ಮತ್ತು ದಕ್ಷಿಣ ಕೊರಿಯಾ 2019ರಲ್ಲಿ ಮುಂದಿನ ಮಾತುಕತೆಗಳಲ್ಲಿ ಆ ವಿನಾಯಿತಿ ಕೇಳುವುದಿಲ್ಲ ಅಂದವು. ಚೀನಾ 2025ರಲ್ಲಿ ಹೊಸ ವಿನಾಯಿತಿ ಕೇಳುವುದಿಲ್ಲ ಅಂತ ಹೇಳಿತು. ಒಳ್ಳೆಯದೇ ಆಯಿತು.

ಮೊದಲನೆಯದಕ್ಕೆ ಉತ್ತರ: ಸಣ್ಣ ಸಭೆ ತಪ್ಪು ಅಂತ ನಾನು ಹೇಳಿಲ್ಲ. ಯಾರನ್ನು ಕರೆದರು, ಯಾಕೆ ಕರೆದರು, ಒಳಗೆ ಏನಾಯಿತು ಅನ್ನುವುದು ಹೊರಗಿದ್ದವರಿಗೆ ಅದೇ ದಿನ ತಿಳಿಯಬೇಕು. ಸಿಯಾಟಲ್ ಆದ ಮೇಲೆ ಸ್ವಲ್ಪ ಸುಧಾರಿಸಿತು. ಆಫ್ರಿಕಾ ಗುಂಪು, ಅತಿ ಹಿಂದುಳಿದ ದೇಶಗಳ ಗುಂಪು, ಇಂಥವುಗಳ ಪರವಾಗಿ ಒಬ್ಬೊಬ್ಬ ಸಂಚಾಲಕರನ್ನು ಒಳಗೆ ಕರೆಯುವ ಪದ್ಧತಿ ಬಂತು. ಆದರೆ ಕರಡು ಬರೆಯುವ ಕೈ ಯಾರದು ಅನ್ನುವ ಪ್ರಶ್ನೆ ಉಳಿದೇ ಇದೆ. ಸಮಿತಿಯ ಅಧ್ಯಕ್ಷರು 'ನನ್ನ ಸ್ವಂತ ಜವಾಬ್ದಾರಿಯಲ್ಲಿ' ಅಂತ ಹೇಳಿ ಕರಡು ಹೊರಡಿಸುತ್ತಾರೆ. ಒಮ್ಮೆ ನಿಮ್ಮ ಮಾತು ಆ ಕರಡಿನಲ್ಲಿ ಬಿಟ್ಟುಹೋದರೆ ಅದನ್ನು ಒಳಗೆ ತರುವುದು ಬಹಳ ಕಷ್ಟ. ಒಪ್ಪಿಗೆಯಾಗದ ಮಾತನ್ನು ಎರಡೂ ಕಡೆಯ ವಾದದ ಸಮೇತ ಕಂಸದಲ್ಲಿ ಇಟ್ಟೇ ಕರಡು ಬರಬೇಕು ಅನ್ನುವ ಬೇಡಿಕೆ ಅದಕ್ಕೇ ಬಂದದ್ದು.

ಹತ್ತಿ ಎಳೆ:
ಕರಡಿನ ಮಾತು ಬಂತಲ್ಲ, ಹತ್ತಿಯ ಕಥೆ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಅಂತ ನಾಲ್ಕು ದೇಶಗಳು. ಅಲ್ಲಿ ಲಕ್ಷಾಂತರ ಸಣ್ಣ ರೈತರು ಹತ್ತಿ ನಂಬಿ ಬದುಕುತ್ತಾರೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಹತ್ತಿ ಬೆಳೆಯುತ್ತಾರೆ. ಆದರೆ ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಭಾರಿ ಸಬ್ಸಿಡಿ ಕೊಡುತ್ತಿತ್ತು. ಅಲ್ಲಿ ಬೆಲೆ ಬಿದ್ದರೂ ಬೆಳೆ ಕಡಿಮೆಯಾಗಲಿಲ್ಲ, ಆ ಹತ್ತಿ ಜಗತ್ತಿನ ಮಾರುಕಟ್ಟೆಗೆ ಬಂತು, ಬೆಲೆ ಇನ್ನೂ ಕುಸಿಯಿತು. ಪೆಟ್ಟು ಬಿದ್ದದ್ದು ಸಬ್ಸಿಡಿ ಇಲ್ಲದವನಿಗೆ. 2003ರ ಜೂನ್‌ನಲ್ಲಿ ಬುರ್ಕಿನಾ ಫಾಸೊದ ಅಧ್ಯಕ್ಷರೇ ಜಿನೀವಾಕ್ಕೆ ಬಂದು ಈ ಮಾತು ಹೇಳಿದರು. ಆ ದೇಶಗಳು ದಾನ ಕೇಳಲಿಲ್ಲ. ಸಬ್ಸಿಡಿ ನಿಲ್ಲಿಸಿ, ನಿಲ್ಲುವ ತನಕ ಆದ ನಷ್ಟ ತುಂಬಿಕೊಡಿ ಅಂದವು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದ ಕಾನ್‌ಕುನ್‌ನಲ್ಲಿ ಸಂಘಟನೆಯ ಸಮ್ಮೇಳನ. ಅಲ್ಲಿ ಹೊರಬಂದ ಕರಡಿನಲ್ಲಿ ಹತ್ತಿಯ ಬಗ್ಗೆ ಏನಿತ್ತು ಗೊತ್ತೇ? ಸಬ್ಸಿಡಿ ಇಂಥ ದಿನ ನಿಲ್ಲುತ್ತದೆ ಅಂತ ಇರಲಿಲ್ಲ. ಹತ್ತಿಯನ್ನು ಜಾಸ್ತಿ ನೆಚ್ಚಿಕೊಂಡ ದೇಶಗಳು ಬೇರೆ ಕಸುಬು ಹಿಡಿಯಲು ಜಾಗತಿಕ ಹಣಕಾಸು ಸಂಸ್ಥೆಗಳ ನೆರವು ಕೊಡಿಸೋಣ ಅಂತ ಇತ್ತು. ಚೆನ್ನಾಗಿ ಬೆಳೆಯುವವನಿಗೆ ನೀನು ಬೆಳೆಯುವುದು ಬಿಡು ಅಂದ ಹಾಗೆ. ಸಮ್ಮೇಳನ ಕೊನೆಗೆ ಮುರಿದದ್ದು ಬಂಡವಾಳ ಹೂಡಿಕೆ ಮುಂತಾದ 'ಸಿಂಗಾಪುರ ವಿಷಯ'ಗಳ ಮೇಲೆ. ಆದರೆ ಆಫ್ರಿಕಾದ ಪ್ರತಿನಿಧಿಗಳ ಮನಸ್ಸು ಈ ಪ್ಯಾರಾ ಓದಿದಾಗಲೇ ಮುರಿದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಮುಂದಿನದು ಇನ್ನೂ ಕಣ್ಣು ತೆರೆಸುವಂಥದ್ದು. ಇದೇ ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ ಸಂಘಟನೆಯಲ್ಲೇ ಕೇಸು ಹಾಕಿ ಗೆದ್ದಿತು. 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಸರಿಯಾಗಿ ತಿದ್ದಿಕೊಳ್ಳಲಿಲ್ಲ. 2009ರಲ್ಲಿ ಬ್ರೆಜಿಲ್‌ಗೆ ಅಮೆರಿಕದ ಸರಕಿನ ಮೇಲೆ ಎದುರು ಸುಂಕ ಹಾಕುವ ಅನುಮತಿ ಸಿಕ್ಕಿತು, ಅಮೆರಿಕದ ಪೇಟೆಂಟ್‌ಗಳಿಗೆ ಕೊಡುವ ರಕ್ಷಣೆಯನ್ನೂ ತಡೆಹಿಡಿಯಬಹುದು ಅಂತಾಯಿತು. ಆಗ ಅಮೆರಿಕ ರಾಜಿಗೆ ಬಂತು. ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ತಕರಾರು ಮುಗಿಸಿಕೊಂಡಿತು. ಹಣ ಹೋದದ್ದು ಬ್ರೆಜಿಲ್‌ನ ಹತ್ತಿ ಬೆಳೆಗಾರರ ಸಂಸ್ಥೆಗೆ. ಬೆನಿನ್ ಮತ್ತು ಚಾಡ್ ಆ ಕೇಸಿನಲ್ಲಿ ಮೂರನೇ ಪಕ್ಷವಾಗಿ ಪಕ್ಕದಲ್ಲೇ ನಿಂತಿದ್ದವು. ಅವರ ಕೈಗೆ ಆ ಹಣ ನೇರವಾಗಿ ಬರಲಿಲ್ಲ. ನಷ್ಟ ಒಂದೇ, ನ್ಯಾಯ ಒಂದೇ, ಸಿಕ್ಕಿದ್ದು ಮಾತ್ರ ಬೇರೆ ಬೇರೆ. ಬ್ರೆಜಿಲ್‌ನ ಹತ್ತಿರ ಎದುರು ಸುಂಕ ಹಾಕುವಷ್ಟು ದೊಡ್ಡ ಮಾರುಕಟ್ಟೆ ಇತ್ತು.

ಮುಂಜಾವು:
ಇದು ನಮ್ಮ ಪಾಠದಲ್ಲಿ ಇರಲೇ ಇಲ್ಲ. ಒಂದು ವಿಷಯ ಗೊಂದಲ. ಬಡ ದೇಶಗಳಿಗೆ ಸಬ್ಸಿಡಿ ಮಿತಿ ಬೆಳೆಯ ಮೌಲ್ಯದ 10 ಶೇಕಡಾ, ಶ್ರೀಮಂತರಿಗೆ 5 ಶೇಕಡಾ ಅಂತ ಓದಿದ್ದೆ. ಹಾಗಾದರೆ ಬಡವರಿಗೇ ಜಾಸ್ತಿ ಅವಕಾಶ ಇದೆ ಅಲ್ವಾ? ಶ್ರೀಮಂತರು ಅಷ್ಟು ಸಬ್ಸಿಡಿ ಕೊಡುವುದು ಹೇಗೆ?

ಹತ್ತಿ ಎಳೆ:
ನೀವು ಓದಿದ್ದು ಸರಿ. ಅದು ಕನಿಷ್ಠ ವಿನಾಯಿತಿ. ಅದರ ಮೇಲೆ ಇನ್ನೊಂದು ಹಕ್ಕಿದೆ. 1986ರಿಂದ 88ರ ಅವಧಿಯಲ್ಲಿ ಯಾರು ಎಷ್ಟು ಸಬ್ಸಿಡಿ ಕೊಡುತ್ತಿದ್ದರೋ ಅದನ್ನು ಬರೆಸಿದರು. ಶ್ರೀಮಂತ ದೇಶಗಳು ಅದನ್ನು 20 ಶೇಕಡಾ ಇಳಿಸಿ, ಉಳಿದದ್ದನ್ನು ತಮ್ಮ ಹಕ್ಕಾಗಿ ಇಟ್ಟುಕೊಂಡವು. ಆಗ ಕೈಯಲ್ಲಿ ಹಣ ಇಲ್ಲದೆ ಸಬ್ಸಿಡಿ ಕೊಡದ ದೇಶಕ್ಕೆ ಬರೆಸಲು ಏನೂ ಇರಲಿಲ್ಲ. ಅವರಿಗೆ ಆ 10 ಶೇಕಡಾ ಮಾತ್ರ. ಅವತ್ತು ಉಣ್ಣುತ್ತಿದ್ದವರಿಗೆ ಊಟದ ಹಕ್ಕು ಉಳಿಯಿತು, ಹಸಿದಿದ್ದವರು ಇನ್ನು ಮುಂದೆಯೂ ಜಾಸ್ತಿ ಉಣ್ಣಬಾರದು ಅಂತಾಯಿತು.

ಇನ್ನು ಆ 10 ಶೇಕಡಾ ಲೆಕ್ಕ ಹಾಕುವ ರೀತಿ. ಸರ್ಕಾರ ರೈತರಿಂದ ನಿಗದಿ ಬೆಲೆಗೆ ಧಾನ್ಯ ಕೊಂಡು ಬಡವರಿಗೆ ಹಂಚಲು ದಾಸ್ತಾನು ಮಾಡುತ್ತದೆ ಅಂದುಕೊಳ್ಳಿ. ಕೊಂಡ ಬೆಲೆಯನ್ನು ಇವತ್ತಿನ ಮಾರುಕಟ್ಟೆ ಬೆಲೆ ಜೊತೆ ಹೋಲಿಸುವುದಿಲ್ಲ. 1986–88ರ ಬೆಲೆ ಜೊತೆ ಹೋಲಿಸುತ್ತಾರೆ. ಉದಾಹರಣೆಗೆ ಆಗಿನ ಬೆಲೆ 100, ಇವತ್ತಿನ ಮಾರುಕಟ್ಟೆ ಬೆಲೆ 500, ಸರ್ಕಾರವೂ 500ಕ್ಕೇ ಕೊಂಡಿತು ಅನ್ನಿ. ರೈತನಿಗೆ ಒಂದು ಪೈಸೆಯೂ ಹೆಚ್ಚು ಸಿಕ್ಕಿಲ್ಲ. ಆದರೂ ಲೆಕ್ಕದಲ್ಲಿ 400 ಸಬ್ಸಿಡಿ! ಬೆಲೆ ಏರಿಕೆ ಜಾಸ್ತಿ ಇರುವ ದೇಶಗಳಿಗೆ ಇದು ದೊಡ್ಡ ಹೊಡೆತ.

2013ರ ಬಾಲಿ ಸಮ್ಮೇಳನದಲ್ಲಿ ಭಾರತ ಮತ್ತು ಅಭಿವೃದ್ಧಿಶೀಲ ದೇಶಗಳ ಜಿ-33 ಗುಂಪು ಹಟ ಹಿಡಿದದ್ದಕ್ಕೆ ಒಂದು ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಆಗಲೇ ಇದ್ದ ದಾಸ್ತಾನು ಯೋಜನೆಗಳ ಮೇಲೆ, ಷರತ್ತು ಪಾಲಿಸಿದರೆ, ಕೇಸು ಹಾಕುವುದಿಲ್ಲ ಅಂತ. 2017ರ ಸಮ್ಮೇಳನದ ಹೊತ್ತಿಗೆ ಶಾಶ್ವತ ಪರಿಹಾರ ಅಂತ ಮಾತು ಕೊಟ್ಟಿದ್ದರು. ಬ್ಯೂನಸ್ ಐರಿಸ್‌ನಲ್ಲಿ ಆಗಲಿಲ್ಲ. 2024ರಲ್ಲಿ ಅಬುಧಾಬಿಯಲ್ಲೂ ಆಗಲಿಲ್ಲ.

ಮಾತ್ರೆ ಡಬ್ಬಿ:
ನಾನು ಔಷಧಿ ಕ್ಷೇತ್ರದವಳು. ನನಗೆ ಗೊತ್ತಿರುವ ಒಂದು ಉದಾಹರಣೆ ಸೇರಿಸುತ್ತೇನೆ. ಔಷಧಿ ಪೇಟೆಂಟ್ ಇದ್ದರೂ ಜನರ ಆರೋಗ್ಯಕ್ಕಾಗಿ ಸರ್ಕಾರ ಬೇರೆ ಕಂಪನಿಗೆ ತಯಾರಿಸಲು ಅನುಮತಿ ಕೊಡಬಹುದು ಅಂತ 2001ರ ದೋಹಾ ಘೋಷಣೆ ಸ್ಪಷ್ಟ ಮಾಡಿತು. ಆದರೆ ಕಾರ್ಖಾನೆಯೇ ಇಲ್ಲದ ದೇಶ ಏನು ಮಾಡಬೇಕು? ಅದಕ್ಕೆ 2003ರಲ್ಲಿ ಒಂದು ದಾರಿ ಮಾಡಿದರು. ಬೇರೆ ದೇಶದಲ್ಲಿ ತಯಾರಿಸಿ ತರಿಸಿಕೊಳ್ಳಬಹುದು. ಅದಕ್ಕೆ ಎಷ್ಟು ಷರತ್ತು ಹಾಕಿದರು ಅಂದರೆ, ಪೂರ್ತಿಯಾಗಿ ಬಳಕೆಯಾದ ಉದಾಹರಣೆ ಒಂದೇ. ರುವಾಂಡಾ 2007ರ ಜುಲೈನಲ್ಲಿ ಎಚ್‌ಐವಿ ಔಷಧಿ ಬೇಕು ಅಂತ ತಿಳಿಸಿತು. ಕೆನಡಾದಿಂದ ಮೊದಲ ಸರಕು ಹೊರಟದ್ದು 2008ರ ಸೆಪ್ಟೆಂಬರ್‌ನಲ್ಲಿ. ಕಾಯಿಲೆ ಅಷ್ಟು ದಿನ ಕಾಯುವುದಿಲ್ಲ.

ಕೊರೊನಾ ಕಾಲದಲ್ಲೂ ಹೀಗೇ ಆಯಿತು. ಪೇಟೆಂಟ್ ನಿಯಮ ತಡೆಹಿಡಿಯಿರಿ ಅಂತ ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ಕೇಳಿದವು. ನೂರಕ್ಕೂ ಹೆಚ್ಚು ದೇಶಗಳ ಬೆಂಬಲ ಇತ್ತು. ತೀರ್ಮಾನ ಬಂದದ್ದು 2022ರ ಜೂನ್‌ನಲ್ಲಿ. ಅದೂ ಲಸಿಕೆಗೆ ಮಾತ್ರ, ಕೇಳಿದ್ದಕ್ಕಿಂತ ಬಹಳ ಕಡಿಮೆ. ಮುಂಜಾವು ಅವರೇ, 'ಒಬ್ಬರು ಬೇಡ ಅಂದರೂ ನಿಲ್ಲುತ್ತದೆ' ಅಂದಿರಲ್ಲ, ಅದು ಎರಡೂ ಕಡೆ ಕೊಯ್ಯುವ ಕತ್ತಿ. ಸಾವಿನ ಹೊತ್ತಿನಲ್ಲೂ ಕೆಲವರು ಬೇಡ ಅಂದರು, ನಿಂತಿತು.

ಮುಂಜಾವು:
ಹಾಗಾದರೆ ಒಪ್ಪಿಗೆ ಪದ್ಧತಿಯನ್ನೇ ತೆಗೆದು ಬಹುಮತ ಮಾಡಿದರೆ? ಬಡ ದೇಶಗಳ ಸಂಖ್ಯೆಯೇ ಜಾಸ್ತಿ ಇದೆಯಲ್ಲ.

ಹಳೆ ಮೇಷ್ಟ್ರು:
ಒಪ್ಪಂದದಲ್ಲಿ ಮತಕ್ಕೆ ಅವಕಾಶ ಈಗಲೂ ಇದೆ, ಬಳಸುವುದಿಲ್ಲ ಅಷ್ಟೇ. ಬಳಸಿದ ದಿನ ದೊಡ್ಡ ಮಾರುಕಟ್ಟೆಗಳು ಎದ್ದು ಹೊರಗೆ ಹೋಗುತ್ತವೆ. ಆಗ ಬಹುಮತ ಇಟ್ಟುಕೊಂಡು ಯಾರ ಜೊತೆ ವ್ಯಾಪಾರ ಮಾಡುವುದು? ನನಗೆ ಅನ್ನಿಸುವುದು ಇಷ್ಟು. ಬೇಡ ಅನ್ನುವ ಹಕ್ಕು ಪುಸ್ತಕದಲ್ಲಿ ಎಲ್ಲರಿಗೂ ಇದೆ. ಬೇಡ ಅಂದ ಮೇಲೂ ಪೆಟ್ಟು ತಿನ್ನದೆ ಉಳಿಯುವ ಶಕ್ತಿ ಕೆಲವರಿಗೆ ಮಾತ್ರ ಇದೆ. ನೆರವಿನ ಹಣ, ಸಾಲ, ಸುಂಕ ವಿನಾಯಿತಿ ಯಾರ ಕೈಯಲ್ಲಿದೆಯೋ ಅವರಿಂದ ರಾಜಧಾನಿಗೆ ಒಂದು ಫೋನ್ ಬಂದರೆ ಜಿನೀವಾದ ಪ್ರತಿನಿಧಿಯ ದನಿ ಇಳಿದುಹೋಗುತ್ತದೆ. ಒಬ್ಬೊಬ್ಬರೇ ಇದ್ದಾಗ ಹೀಗಾಗುತ್ತದೆ. ಅದಕ್ಕೇ ಗುಂಪು ಬೇಕು. 1964ರಲ್ಲಿ 77 ದೇಶಗಳು ಒಟ್ಟಾದದ್ದೂ, ಕಾನ್‌ಕುನ್‌ಗೆ ಮೊದಲು ಬ್ರೆಜಿಲ್, ಭಾರತ, ದಕ್ಷಿಣ ಆಫ್ರಿಕಾ, ಚೀನಾ ಸೇರಿ ಕೃಷಿಗೆ ಜಿ-20 ಕಟ್ಟಿದ್ದೂ ಇದೇ ಕಾರಣಕ್ಕೆ.

ನೂಲು:
ನಾನು ರಫ್ತು ಕಾಗದಪತ್ರದ ಕೆಲಸ ಮಾಡುತ್ತೇನೆ. ದೊಡ್ಡ ಸಭೆಗಳ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಆದರೆ ಮೋಸ ಎಲ್ಲಿ ಅಡಗಿರುತ್ತದೆ ಅಂತ ಕಾಗದದಲ್ಲಿ ಕಾಣುತ್ತದೆ.

'ನಿಮ್ಮ ಬಟ್ಟೆಗೆ ಸುಂಕವೇ ಇಲ್ಲ' ಅಂತ ಘೋಷಿಸುತ್ತಾರೆ. ಸಂತೋಷ. ಕೆಳಗೆ ಮೂಲದ ನಿಯಮ ಇರುತ್ತದೆ, ಸರಕು ಯಾವ ದೇಶದ್ದು ಅಂತ ಗೊತ್ತುಮಾಡುವ ನಿಯಮ. ಯುರೋಪಿನ ಹಳೆಯ ನಿಯಮದ ಪ್ರಕಾರ ಅಂಗಿ ಹೊಲಿದರೆ ಸಾಲದು, ಬಟ್ಟೆಯನ್ನೂ ಅದೇ ದೇಶದಲ್ಲಿ ನೇಯ್ದಿರಬೇಕು. ನೇಯ್ಗೆ ಗಿರಣಿ ಹಾಕಲು ಬಂಡವಾಳ ಇಲ್ಲದ ದೇಶಕ್ಕೆ ಆ ಶೂನ್ಯ ಸುಂಕ ಕಾಗದದ ಮೇಲೆ ಮಾತ್ರ. 2011ರಿಂದ ಯುರೋಪ್ ಅತಿ ಹಿಂದುಳಿದ ದೇಶಗಳಿಗೆ ಇದನ್ನು ಸಡಿಲ ಮಾಡಿತು. ಹೊರಗಿನ ಬಟ್ಟೆ ತಂದು ಹೊಲಿದರೂ ಸಾಕು ಅಂದಿತು. ಬಾಂಗ್ಲಾದೇಶಕ್ಕೆ, ಕಾಂಬೋಡಿಯಾಕ್ಕೆ ಅದರಿಂದ ನಿಜವಾಗಿ ಅನುಕೂಲ ಆಯಿತು. ಸುಂಕದ ದರ ಬದಲಾಗಲಿಲ್ಲ, ನಿಯಮದ ಒಂದು ಸಾಲು ಬದಲಾಯಿತು ಅಷ್ಟೇ.

ಹಳೆಯ ಜವಳಿ ಕೋಟಾ ಕಥೆಯೂ ಹೀಗೇ. ಕೋಟಾ ಅಂದರೆ ಶ್ರೀಮಂತ ದೇಶಗಳು ಇಷ್ಟೇ ಬಟ್ಟೆ ತರಿಸಿಕೊಳ್ಳುತ್ತೇವೆ ಅಂತ ಹಾಕಿದ್ದ ಮಿತಿ. ಸಂಘಟನೆಯ ಹುಟ್ಟಿಗೆ ಕಾರಣವಾದ ಉರುಗ್ವೆ ಸುತ್ತಿನ ಮಾತುಕತೆಯಲ್ಲಿ ಬಡ ದೇಶಗಳು ಪೇಟೆಂಟ್ ಮತ್ತು ಸೇವೆಗಳ ನಿಯಮ ಒಪ್ಪಿಕೊಂಡವು. ಬದಲಿಗೆ ಜವಳಿ ಕೋಟಾ ತೆಗೆಯುತ್ತೇವೆ ಅಂತ ಮಾತು ಸಿಕ್ಕಿತು. 1995ರಿಂದ ಹತ್ತು ವರ್ಷಗಳಲ್ಲಿ 16, 17, 18 ಶೇಕಡಾ ಅಂತ ಹಂತ ಹಂತವಾಗಿ. ಉಳಿದ 49 ಶೇಕಡಾ ಕೊನೆಯ ದಿನಕ್ಕೆ! ಯಾವುದನ್ನು ಮೊದಲು ತೆಗೆಯಬೇಕು ಅನ್ನುವುದನ್ನು ಆಮದು ಮಾಡುವವರೇ ಆರಿಸಬಹುದಿತ್ತು. ಮೊದಲ ಹಂತಗಳಲ್ಲಿ ಅವರು ಕೋಟಾ ಇಲ್ಲದ ಸರಕನ್ನೇ ಹೆಚ್ಚಾಗಿ ತೋರಿಸಿದರು. ಬಡವರು ಕೊಡಬೇಕಾದ್ದನ್ನು ಮೊದಲೇ ಕೊಡಲು ಶುರುಮಾಡಿದರು, ಪಡೆಯಬೇಕಾದ್ದಕ್ಕೆ 2005ರ ತನಕ ಕಾದರು.

ಎದುರು ಮಾತು:
ನೂಲು ಅವರೇ, ಇದನ್ನು ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಎಚ್ಚರ. ಜಿನೀವಾ ಸರಿಯಿಲ್ಲ ಅಂತ ಬಿಟ್ಟು ಹೊರಗೆ ಒಬ್ಬೊಬ್ಬರೇ ಒಪ್ಪಂದ ಮಾಡಿಕೊಳ್ಳಲು ಹೋದರೆ ಪರಿಸ್ಥಿತಿ ಇನ್ನೂ ಕೆಟ್ಟದಾಗುತ್ತದೆ.

ಪೂರ್ವ ಆಫ್ರಿಕಾ ನೋಡಿ. ಕೀನ್ಯಾ, ತಾಂಜಾನಿಯಾ, ಉಗಾಂಡಾ, ರುವಾಂಡಾ, ಬುರುಂಡಿ ಒಂದೇ ಸುಂಕ ಒಕ್ಕೂಟ. ಯುರೋಪ್ ಜೊತೆ ಒಟ್ಟಿಗೆ ಮಾತಾಡಿದರು. 2016ರಲ್ಲಿ ಸಹಿ ಹಾಕುವ ಹೊತ್ತಿಗೆ ತಾಂಜಾನಿಯಾ ಹಿಂದೆ ಸರಿಯಿತು. ಅದು ಅತಿ ಹಿಂದುಳಿದ ದೇಶ. ಒಪ್ಪಂದ ಇಲ್ಲದಿದ್ದರೂ ಯುರೋಪಿಗೆ ಅದರ ಸರಕು ಸುಂಕವಿಲ್ಲದೆ ಹೋಗುತ್ತದೆ. ತನ್ನ ಕೈಗಾರಿಕೆ ಯಾಕೆ ತೆರೆದಿಡಬೇಕು ಅಂತ ಅದರ ವಾದ. ಕೀನ್ಯಾ ಆ ಪಟ್ಟಿಯಲ್ಲಿಲ್ಲ. ಸಹಿ ಹಾಕದಿದ್ದರೆ ಅದರ ಹೂವಿಗೆ ಸುಂಕ ಬೀಳುತ್ತಿತ್ತು. ಕೊನೆಗೆ ಕೀನ್ಯಾ 2023ರಲ್ಲಿ ಒಂಟಿಯಾಗಿ ಸಹಿ ಹಾಕಿತು. ಇಬ್ಬರೂ ತಪ್ಪು ಮಾಡಲಿಲ್ಲ. ಆದರೆ ಒಟ್ಟಿಗೆ ಕೂತವರು ಬೇರೆ ಬೇರೆ ಎದ್ದು ಹೋಗುವ ಹಾಗೆ ಆಯಿತು.

ಸಂಘಟನೆಗೆ ಸೇರುವಾಗಲೂ ಇದೇ ಕಷ್ಟ. ಹೊಸ ಸದಸ್ಯರು ಬರಬೇಕಾದರೆ ಒಳಗಿರುವ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು. ವನುವಾಟು ಪುಟ್ಟ ದ್ವೀಪ ದೇಶ. 1995ರಲ್ಲಿ ಅರ್ಜಿ ಹಾಕಿತು, ಷರತ್ತು ಭಾರ ಅನ್ನಿಸಿ 2001ರಲ್ಲಿ ನಿಲ್ಲಿಸಿತು, ಸೇರಿದ್ದು 2012ರಲ್ಲಿ.

ಹಾಗಂತ ಎಲ್ಲವೂ ಕತ್ತಲೆ ಅಲ್ಲ. ನನಗೆ ತುಂಬಾ ಹಿಡಿಸಿದ್ದು ವ್ಯಾಪಾರ ಸುಗಮ ಒಪ್ಪಂದ, ಗಡಿಯಲ್ಲಿ ಸರಕು ದಾಟಿಸುವ ಕೆಲಸ ಸರಳ ಮಾಡುವಂಥದ್ದು. 2013ರಲ್ಲಿ ಬಾಲಿಯಲ್ಲಿ ಆದದ್ದು, 2017ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಹಳೆಯ ಒಪ್ಪಂದಗಳಲ್ಲಿ 'ನಿಮಗೆ ಐದು ವರ್ಷ ಜಾಸ್ತಿ ಸಮಯ' ಅಂತ ಹೇಳಿ ಬಿಡುತ್ತಿದ್ದರು. ಐದು ವರ್ಷ ಕಳೆದರೂ ಕೈಯಲ್ಲಿ ಕಂಪ್ಯೂಟರೂ ಇಲ್ಲ, ತರಬೇತಿ ಪಡೆದ ಕಸ್ಟಮ್ಸ್ ಸಿಬ್ಬಂದಿಯೂ ಇಲ್ಲ ಅಂದರೆ ಏನು ಪ್ರಯೋಜನ? ಇಲ್ಲಿ ಹಾಗಲ್ಲ. ಪ್ರತಿ ಅಭಿವೃದ್ಧಿಶೀಲ ದೇಶ ತನ್ನ ಕೆಲಸಗಳನ್ನು ತಾನೇ ಮೂರು ಭಾಗ ಮಾಡಿಕೊಳ್ಳುತ್ತದೆ. ಈಗಲೇ ಮಾಡಬಲ್ಲದ್ದು ಎ. ಸ್ವಲ್ಪ ಸಮಯ ಬೇಕಾದದ್ದು ಬಿ. ನೆರವು ಸಿಕ್ಕಿದ ಮೇಲೆ ಮಾತ್ರ ಮಾಡಬಲ್ಲದ್ದು ಸಿ. ಶಕ್ತಿ ಬಂದ ಮೇಲೆ ಕರ್ತವ್ಯ. ಉಳಿದ ಒಪ್ಪಂದಗಳನ್ನೂ ಹೀಗೇ ಬರೆದಿದ್ದರೆ!

ಕಾನೂನು ಓದು:
ತಡವಾಗಿ ಬಂದೆ, ಕ್ಷಮಿಸಿ. ಮಾತುಕತೆ ನ್ಯಾಯವಾಗಿ ನಡೆದರೂ, ಮಾತು ಮುರಿದವರನ್ನು ಹಿಡಿದು ನಿಲ್ಲಿಸಲು ಆಗದಿದ್ದರೆ ಏನು ಉಪಯೋಗ? ಅದರ ಬಗ್ಗೆ ಹೇಳುತ್ತೇನೆ.

1990ರ ದಶಕದಲ್ಲಿ ಯುರೋಪಿನ ಬಾಳೆಹಣ್ಣು ಆಮದು ನಿಯಮದ ಬಗ್ಗೆ ಸಂಘಟನೆಯಲ್ಲಿ ನಡೆದ ವ್ಯಾಜ್ಯದಲ್ಲಿ ಸೇಂಟ್ ಲೂಸಿಯಾ ಅನ್ನುವ ಕೆರಿಬಿಯನ್ ದ್ವೀಪ ಖಾಸಗಿ ವಕೀಲರನ್ನು ಕರೆತಂದಿತ್ತು. ಸರ್ಕಾರಿ ನೌಕರರಲ್ಲ ಅಂತ ಎದುರು ಕಡೆಯವರು ಆಕ್ಷೇಪ ಎತ್ತಿದರು, ಆ ವಕೀಲರನ್ನು ಪ್ಯಾನೆಲ್, ಅಂದರೆ ಮೊದಲ ಹಂತದಲ್ಲಿ ವ್ಯಾಜ್ಯ ಕೇಳುವ ಸಮಿತಿಯ ವಿಚಾರಣೆಯಿಂದ ಹೊರಗೆ ಕಳಿಸಿದರು. ಬಾಳೆ ಮಾರಿ ಬದುಕುವ ದೇಶದ ಸರ್ಕಾರಿ ಕಚೇರಿಯಲ್ಲಿ ವ್ಯಾಪಾರ ಕಾನೂನಿನ ತಜ್ಞರು ಎಷ್ಟು ಜನ ಇರುತ್ತಾರೆ? 1997ರಲ್ಲಿ ಮೇಲ್ಮನವಿ ಸಮಿತಿ ಯಾರನ್ನು ಕರೆತರಬೇಕು ಅನ್ನುವುದು ಆಯಾ ದೇಶದ ಇಷ್ಟ ಅಂತ ಹೇಳಿತು. ಇವತ್ತು ಅದು ಸಹಜ ಅನ್ನಿಸುತ್ತದೆ. ಆಗ ಅದಕ್ಕಾಗಿ ಹೋರಾಡಬೇಕಾಯಿತು.

2001ರಲ್ಲಿ ಜಿನೀವಾದಲ್ಲಿ ವಿಶ್ವ ವ್ಯಾಪಾರ ಕಾನೂನು ಸಲಹಾ ಕೇಂದ್ರ ಶುರುವಾಯಿತು. ಬಡ ದೇಶಗಳಿಗೆ ಕಡಿಮೆ ಶುಲ್ಕದಲ್ಲಿ ವಕೀಲರು. ಮೊದಲ ದಿನಗಳಲ್ಲೇ ಪೆರುವಿನ ಕೇಸು. ಯುರೋಪಿನ ನಿಯಮದಲ್ಲಿ 'ಸಾರ್ಡೀನ್' ಅನ್ನುವ ಹೆಸರು ತಮ್ಮ ಕಡಲಿನ ಒಂದು ಜಾತಿ ಮೀನಿಗೆ ಮಾತ್ರ ಅಂತ ಇತ್ತು. ಪೆರುವಿನ ಮೀನು ಬೇರೆ ಜಾತಿ, ಆದರೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಅದನ್ನೂ ಸಾರ್ಡೀನ್ ಅನ್ನಲು ಬಿಡುತ್ತಿತ್ತು. 2002ರಲ್ಲಿ ಪೆರು ಗೆದ್ದಿತು. ಯುರೋಪ್ ನಿಯಮ ತಿದ್ದಿಕೊಂಡಿತು. 2004ರಲ್ಲಿ ಬಾಂಗ್ಲಾದೇಶ ಭಾರತದ ಮೇಲೇ ಕೇಸು ಹಾಕಿತು, ಬ್ಯಾಟರಿಗಳ ಮೇಲಿನ ಸುಂಕದ ಬಗ್ಗೆ. ಅತಿ ಹಿಂದುಳಿದ ದೇಶವೊಂದು ದೂರು ಕೊಟ್ಟದ್ದು ಅದೇ ಮೊದಲು. ಭಾರತ ಆ ಸುಂಕ ತೆಗೆಯಿತು. ಅನ್ಯಾಯ ಶ್ರೀಮಂತರಿಂದ ಮಾತ್ರ ಆಗುತ್ತದೆ ಅಂತ ಅಂದುಕೊಳ್ಳಬಾರದು ಅನ್ನುವುದಕ್ಕೂ ಇದನ್ನು ಹೇಳಿದೆ.

ಈಗ ಇನ್ನೊಂದು ಮುಖ. ಆಂಟಿಗುವಾ ಮತ್ತು ಬಾರ್ಬುಡಾ ಒಂದು ಲಕ್ಷದ ಆಸುಪಾಸು ಜನಸಂಖ್ಯೆಯ ದೇಶ. ಆನ್‌ಲೈನ್ ಜೂಜಿನ ಸೇವೆಗೆ ಅಮೆರಿಕ ಅಡ್ಡಗಾಲು ಹಾಕಿತು ಅಂತ 2003ರಲ್ಲಿ ದೂರು ಕೊಟ್ಟಿತು. ಗೆದ್ದಿತು. ಜೂಜು ಒಳ್ಳೆಯದೋ ಕೆಟ್ಟದ್ದೋ ಅದು ಬೇರೆ ಮಾತು. ಕೊಟ್ಟ ಮಾತು ಮುರಿದದ್ದು ಸಾಬೀತಾಯಿತು. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್ ಮಟ್ಟಿಗೆ ಪ್ರತೀಕಾರ ಮಾಡಬಹುದು ಅಂತ ತೀರ್ಪು ಬಂತು. ಅಷ್ಟು ಸಣ್ಣ ದ್ವೀಪ ಅಮೆರಿಕದ ಸರಕಿಗೆ ಸುಂಕ ಹಾಕಿದರೆ ನೋವಾಗುವುದು ಆ ದ್ವೀಪದ ಜನರಿಗೇ. ತೀರ್ಪು ಕೈಯಲ್ಲಿದೆ, ನ್ಯಾಯ ಕೈಗೆ ಬಂದಿಲ್ಲ.

ಈಗಂತೂ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಸಮಿತಿಯೇ ಕೆಲಸ ಮಾಡುತ್ತಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪುತ್ತಿಲ್ಲ. ಸೋತವರು ಮೇಲ್ಮನವಿ ಹಾಕಿದರೆ ಸಾಕು, ತೀರ್ಪು ಗಾಳಿಯಲ್ಲಿ ನಿಲ್ಲುತ್ತದೆ. ಕೆಲವು ಸದಸ್ಯರು ಸೇರಿ 2020ರಲ್ಲಿ ಪರ್ಯಾಯ ಪಂಚಾಯಿತಿ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅಮೆರಿಕವೂ ಭಾರತವೂ ಅದರಲ್ಲಿಲ್ಲ.

ನೂಲು:
ಆಂಟಿಗುವಾ ವಿಷಯ ಓದಿ ಬೇಜಾರಾಯಿತು. ಗೆದ್ದ ಮೇಲೂ ಹೀಗೆ ಅಂದರೆ ಸಣ್ಣವರು ಯಾಕೆ ಕೇಸು ಹಾಕುತ್ತಾರೆ?

ಮಾತ್ರೆ ಡಬ್ಬಿ:
ಹಾಕುವುದಿಲ್ಲ. ಅದೇ ಸಮಸ್ಯೆ.

ಮುಂಜಾವು:
ಎಲ್ಲರಿಗೂ ಧನ್ಯವಾದ. ನನ್ನ ಪ್ರಶ್ನೆಯನ್ನೇ ನಾನು ತಪ್ಪಾಗಿ ಕೇಳಿದ್ದೆ ಅನ್ನಿಸುತ್ತಿದೆ. ಮತ ಸಮ ಇದೆಯೇ ಅಂತ ನೋಡುತ್ತಿದ್ದೆ. ಕೋಣೆಗೆ ಬರಲು ಆಗುತ್ತದೆಯೇ, ಕರಡು ಓದಲು ಜನ ಇದ್ದಾರೆಯೇ, ಬೇಡ ಅನ್ನಲು ಧೈರ್ಯ ಇದೆಯೇ ಅಂತ ನೋಡಬೇಕಿತ್ತು. ಪ್ರಬಂಧಕ್ಕೆ ಪೆರು ಮತ್ತು ಆಂಟಿಗುವಾ ಕೇಸುಗಳನ್ನು ಪಕ್ಕಪಕ್ಕ ಇಟ್ಟು ಬರೆಯೋಣ ಅಂದುಕೊಂಡಿದ್ದೇನೆ. ಕಾನೂನು ಓದು ಸರ್, ಒಂದು ಕೊನೆಯ ಪ್ರಶ್ನೆ. ಆಂಟಿಗುವಾದಂಥ ದೇಶಕ್ಕೆ ಸುಂಕದ ಬದಲು ಬೇರೆ ಏನಾದರೂ ಅಸ್ತ್ರ ಕೊಡುವ ಸಲಹೆ ಯಾರಾದರೂ ಮಾಡಿದ್ದಾರೆಯೇ?

ಕಾನೂನು ಓದು:
ಮಾಡಿದ್ದಾರೆ. 2002ರಲ್ಲಿ ಮೆಕ್ಸಿಕೊ ಒಂದು ಪ್ರಸ್ತಾಪ ಇಟ್ಟಿತು. ಪ್ರತೀಕಾರದ ಹಕ್ಕನ್ನು ಬೇರೆ ಸದಸ್ಯರಿಗೆ ಮಾರುವಂತಿರಬೇಕು ಅಂತ. ಸಣ್ಣ ದೇಶ ತನ್ನ ಹಕ್ಕನ್ನು ದೊಡ್ಡ ಮಾರುಕಟ್ಟೆ ಇರುವವರಿಗೆ ಕೊಟ್ಟು ಹಣ ಪಡೆಯುತ್ತದೆ, ಅವರು ಸುಂಕ ಹಾಕುತ್ತಾರೆ. ಒಪ್ಪಿಗೆ ಸಿಗಲಿಲ್ಲ. ಅದೇ ಸುಧಾರಣಾ ಮಾತುಕತೆಯಲ್ಲಿ ಅತಿ ಹಿಂದುಳಿದ ದೇಶಗಳೂ ಆಫ್ರಿಕಾ ಗುಂಪೂ ಎರಡು ಬೇಡಿಕೆ ಇಟ್ಟಿದ್ದವು. ನಷ್ಟವನ್ನು ಹಣದಲ್ಲೇ ತುಂಬಿಕೊಡಿ ಅನ್ನುವುದು ಒಂದು. ಬಡ ದೇಶ ಗೆದ್ದು, ಸೋತವರು ತಿದ್ದಿಕೊಳ್ಳದಿದ್ದರೆ ಎಲ್ಲ ಸದಸ್ಯರೂ ಸೇರಿ ಪ್ರತೀಕಾರ ಮಾಡುವಂತಿರಲಿ ಅನ್ನುವುದು ಇನ್ನೊಂದು. ನನ್ನ ಮನಸ್ಸು ಹಣದ ಪರಿಹಾರದ ಕಡೆಗಿದೆ. ಬ್ರೆಜಿಲ್‌ಗೆ ಹತ್ತಿ ವಿಷಯದಲ್ಲಿ ಹಾಗೇ ಸಿಕ್ಕಿತಲ್ಲ, ಮಾಡಲು ಆಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ನಿಮ್ಮ ಪ್ರಬಂಧದಲ್ಲಿ ಪೆರು, ಆಂಟಿಗುವಾ ಜೊತೆಗೆ ಬ್ರೆಜಿಲ್ ಕೇಸನ್ನೂ ಸೇರಿಸಿ. ಮೂವರೂ ಗೆದ್ದವರೇ. ಬರೆದಾದ ಮೇಲೆ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.